ಗಂಟೆ ಬಾರಿಸಿದ ಮೇಲೆ

ಕನ್ನಡ ಅಧ್ಯಾಪಕನಾದವನಿಗೆ ವರ್ಷಕ್ಕೆ ಎರಡು ಬಾರಿಯಾದರೂ ತಪ್ಪದೆ ಒದಗುವ ಯೋಗವೊಂದುಂಟು. ಅದು ಚರ್ಚಾಸ್ಪರ್ಧೆಯ ತೀರ್ಪುಗಾರನಾಗುವ ಯೋಗ. ಎದುರಿಗೊಂದು ಮೇಜು, ಅದರ ಮೇಲೆ ಹಸಿರು ಬಟ್ಟೆ, ಮುಚ್ಚಳವಿಲ್ಲದ ನೀರಿನ ಲೋಟ, ಮನೆ ಮನೆಯಾಗಿ ಗೆರೆ ಎಳೆದ ಅಂಕಗಳ ಕಾಗದ, ಪಕ್ಕದಲ್ಲಿ ಗಡಿಯಾರವನ್ನು ನೋಡುತ್ತ ಗಂಟೆ ಬಾರಿಸಲು ಕಾದು ಕುಳಿತ ಒಬ್ಬ ಉತ್ಸಾಹಿ ವಿದ್ಯಾರ್ಥಿ. ವಿಷಯಕ್ಕೆ ಇಷ್ಟು, ಭಾಷೆಗೆ ಇಷ್ಟು, ನಿರೂಪಣೆಗೆ ಇಷ್ಟು, ಕಾಲಪಾಲನೆಗೆ ಇಷ್ಟು ಎಂದು ಅಂಕಗಳನ್ನು ಹಂಚಿ, ಕೊನೆಗೆ ಕೂಡಿದಾಗ ಬಂದ ಮೊತ್ತವನ್ನೇ ನ್ಯಾಯವೆಂದು ನಂಬಿ, ಸಂಘಟಕರು ಕೊಟ್ಟ ಹೂಗುಚ್ಛವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮನೆಗೆ ಬರುತ್ತೇವೆ. ಸೋತವರು ನಮ್ಮನ್ನು ಶಪಿಸುತ್ತಾರೆ, ಗೆದ್ದವರು ಮರೆಯುತ್ತಾರೆ. ಇದು ಲೋಕರೂಢಿ.

ಕಳೆದ ತಿಂಗಳು ಅಂಥದೇ ಒಂದು ಅಂತರಕಾಲೇಜು ಸ್ಪರ್ಧೆಯಲ್ಲಿ ನಾನು ಕುಳಿತಿದ್ದೆ. ವಿಷಯ: ನಮ್ಮ ದೇಶದಲ್ಲಿ ಮರಣದಂಡನೆಯನ್ನು ರದ್ದುಗೊಳಿಸಬೇಕು. ಮಾತನಾಡಿದವರು ಹದಿನಾಲ್ಕು ಮಂದಿ. ಅವರಲ್ಲಿ ಹನ್ನೊಂದು ಮಂದಿ ವಿಷಯವನ್ನು ವಿರೋಧಿಸಿದರು, ಎಂದರೆ ಗಲ್ಲು ಇರಲೇಬೇಕೆಂದು ವಾದಿಸಿದರು. ಬಹುಮಾನ ಪಡೆದ ಹುಡುಗ 2020ರ ಮಾರ್ಚ್ 20ರ ಬೆಳಗನ್ನು ವರ್ಣಿಸಿದ. ದೆಹಲಿಯ ಬಸ್ಸಿನಲ್ಲಿ 2012ರ ಡಿಸೆಂಬರಿನಲ್ಲಿ ನಡೆದ ಆ ಘೋರ ಕೃತ್ಯದ ನಾಲ್ವರು ಅಪರಾಧಿಗಳನ್ನು ತಿಹಾರ್ ಸೆರೆಮನೆಯಲ್ಲಿ ಗಲ್ಲಿಗೇರಿಸಿದ ಬೆಳಗು ಅದು. ಸಭೆಯಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ. ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ, ಆ ದಿನ ಬೆಳಗಿನ ಐದೂವರೆಗೆ ನಾನೂ ಎದ್ದು ಟೆಲಿವಿಷನ್ನಿನ ಮುಂದೆ ಕುಳಿತಿದ್ದೆ. ಸುದ್ದಿ ಬಂದ ಮೇಲೆ ಕುಡಿದ ಕಾಫಿ ಎಂದಿಗಿಂತ ರುಚಿಯಾಗಿಯೇ ಇತ್ತು.

ವಿಷಯದ ಪರವಾಗಿ ಮಾತನಾಡಿದ ಮೂವರಲ್ಲಿ ಕೊನೆಯವಳು ಒಬ್ಬ ಹುಡುಗಿ. ತೆಳು ದನಿ. ಕೈಯಲ್ಲಿ ಮಡಿಸಿ ಮಡಿಸಿ ಮೆತ್ತಗಾದ ಕಾಗದ. ಮೊದಲೆರಡು ನಿಮಿಷ ಅವಳು ಹೇಳಿದ ಅಂಕಿಸಂಖ್ಯೆಗಳನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಜಪಾನಿನಲ್ಲಿ ಒಬ್ಬಳು ಅಕ್ಕ ಇದ್ದಾಳೆಂದೂ, ಗಲ್ಲಿನ ಶಿಕ್ಷೆಯಾದ ತಮ್ಮನನ್ನು ನೋಡಲು ತಿಂಗಳು ತಿಂಗಳೂ ಸೆರೆಮನೆಯ ಬಾಗಿಲಿಗೆ ಹೋಗುತ್ತಿದ್ದಳೆಂದೂ, ಆ ತಮ್ಮ ತನಗೆ ಅಕ್ಕನೇ ಇಲ್ಲವೆಂದು ಹೇಳಿ ಕಳುಹಿಸುತ್ತಿದ್ದನೆಂದೂ ಆರಂಭಿಸಿದಳು. ಸಭೆ ಸ್ವಲ್ಪ ಸುಮ್ಮನಾಯಿತು. ಆಗ ಗಂಟೆ ಹೊಡೆಯಿತು. “ಆ ಅಕ್ಕ…” ಎಂದಳು. ಗಂಟೆ ಇನ್ನೊಮ್ಮೆ ಹೊಡೆಯಿತು. ಹುಡುಗಿ ಕಾಗದ ಮಡಿಸಿಕೊಂಡು ಹೋಗಿ ಕುಳಿತಳು. ಕಾಲಪಾಲನೆಯ ಮನೆಯಲ್ಲಿ ನಾನು ಹತ್ತಕ್ಕೆ ಎರಡು ಬರೆದೆ.

ರಾತ್ರಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ಮನೆಯಾಕೆಗೆ ಹೇಳಿದೆ. ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ಅವಳು ಕೇಳಿದಳು: “ಆ ಅಕ್ಕ ಏನಾದಳೂಂದ್ರೆ?”

“ಗಂಟೆ ಹೊಡೆಯಿತು.”

“ಗಂಟೆ ಹೊಡೆಯಿತು ಸರಿ. ನೀವು ಆಮೇಲಾದರೂ ಕೇಳಬಾರದಿತ್ತೇ?”

ಕೇಳಬಹುದಾಗಿತ್ತು. ಕೇಳಿರಲಿಲ್ಲ. ಆ ರಾತ್ರಿಯಿಂದ ಒಂದು ವಾರ ಓದಿದ್ದರ ಫಲ ಈ ಬಾರಿಯ ಅಂಕಣ.

ಅಕ್ಕನ ಹೆಸರು ಹಿದೇಕೊ ಹಕಮಾದ. ತಮ್ಮ ಇವಾವೊ, ಅವಳಿಗಿಂತ ಮೂರು ವರ್ಷ ಚಿಕ್ಕವನು, ಆರು ಮಕ್ಕಳಲ್ಲಿ ಕಡೆಯವನು. ಒಂದು ಕಾಲಕ್ಕೆ ವೃತ್ತಿನಿರತ ಮುಷ್ಟಿಮಲ್ಲನಾಗಿದ್ದ ಇವನು, ಅಖಾಡ ಬಿಟ್ಟ ಮೇಲೆ ಶಿಜುವೊಕಾ ಪ್ರಾಂತದ ಶಿಮಿಜು ಎಂಬಲ್ಲಿ ಮಿಸೊ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಮಿಸೊ ಎಂಬುದು ಸೋಯಾ ಅವರೆಯನ್ನು ಉಪ್ಪಿನೊಡನೆ ತಿಂಗಳುಗಟ್ಟಲೆ ಹುಳಿಸಿ ಮಾಡುವ ಹಿಟ್ಟಿನಂಥ ಪದಾರ್ಥ. ನಮಗೆ ಹುಣಿಸೆಹಣ್ಣು ಹೇಗೋ ಅವರ ಅಡುಗೆಮನೆಗೆ ಅದು ಹಾಗೆ. 1966ರ ಜೂನ್ 30ರ ರಾತ್ರಿ ಆ ಕಾರ್ಖಾನೆಯ ನಿರ್ದೇಶಕನ ಮನೆಗೆ ಬೆಂಕಿ ಬಿತ್ತು. ಆರಿಸಿ ನೋಡಿದರೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ಇರಿತಕ್ಕೆ ಸಿಕ್ಕಿ ಸತ್ತು ಬಿದ್ದಿದ್ದರು. ಆಗಸ್ಟಿನಲ್ಲಿ ಪೋಲೀಸರು ಇವಾವೊನನ್ನು ಹಿಡಿದರು. ದಿನಕ್ಕೆ ಸರಾಸರಿ 12 ಗಂಟೆಯಂತೆ ಮೂರು ವಾರ ವಿಚಾರಣೆ ಮಾಡಿದರು. ಕೊನೆಗೆ ಅವನು ತಪ್ಪೊಪ್ಪಿಕೊಂಡ. ನ್ಯಾಯಾಲಯದ ಮುಂದೆ ನಿಂತಾಗ, ಹೊಡೆದು ಬೆದರಿಸಿ ಹೇಳಿಸಿದರು, ನಾನು ಕೊಂದಿಲ್ಲ ಎಂದ.

ಒಪ್ಪಿಗೆಯ ಹೇಳಿಕೆಯಲ್ಲಿ ಕೊಲೆ ಮಾಡುವಾಗ ಪೈಜಾಮ ತೊಟ್ಟಿದ್ದನೆಂದು ಇತ್ತು. ಆ ಪೈಜಾಮದಿಂದ ಹೆಚ್ಚೇನೂ ಸಿದ್ಧವಾಗಲಿಲ್ಲ. ಹೀಗಿರುವಾಗ, ಕೊಲೆಯಾಗಿ ಒಂದು ವರ್ಷ ಎರಡು ತಿಂಗಳ ಮೇಲೆ, 1967ರ ಆಗಸ್ಟಿನಲ್ಲಿ, ಕಾರ್ಖಾನೆಯ ಮಿಸೊ ತೊಟ್ಟಿಯೊಂದರ ತಳದಿಂದ ರಕ್ತದ ಕಲೆಗಳಿದ್ದ ಐದು ಬಟ್ಟೆಗಳು ಮೇಲೆ ಬಂದವು. ಕೂಡಲೇ ಸರ್ಕಾರಿ ವಕೀಲರು ಪೈಜಾಮದ ಕಥೆಯನ್ನು ಬಿಟ್ಟು ಈ ಬಟ್ಟೆಗಳ ಕಥೆಯನ್ನು ಹಿಡಿದರು. ಷರಾಯಿಯನ್ನು ಇವಾವೊನಿಗೆ ತೊಡಿಸಿ ನೋಡಿದರು. ಅದು ಅವನ ತೊಡೆ ದಾಟಿ ಮೇಲಕ್ಕೆ ಏರಲಿಲ್ಲ. ಮಿಸೊದಲ್ಲಿ ನೆನೆದು ಚಿಕ್ಕದಾಗಿದೆ ಎಂದು ವಿವರಣೆ ಬಂದಿತು. 1968ರ ಸೆಪ್ಟೆಂಬರ್ 11ರಂದು ಗಲ್ಲಿನ ಶಿಕ್ಷೆ. 1980ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಇಷ್ಟನ್ನು ಓದಿ ಹೇಳಿದಾಗ ಮನೆಯಾಕೆ ಒಂದೇ ಪ್ರಶ್ನೆ ಹಾಕಿದಳು: “ಒಂದು ವರ್ಷ ಉಪ್ಪಿನಲ್ಲಿದ್ದ ಬಟ್ಟೆಯ ಮೇಲಿನ ರಕ್ತ ಕೆಂಪಗೇ ಇತ್ತೇ? ನಮ್ಮ ಮಾವಿನಕಾಯಿ ಭರಣಿಯಲ್ಲಿ ಹಸಿರು ಹಸಿರಾಗಿ ಉಳಿಯುತ್ತದೆಯೇ?” ಓದುಗರು ನಂಬಲಿ, ಬಿಡಲಿ, ಆ ಮೊಕದ್ದಮೆಯ ಗಂಟು ಬಿಚ್ಚಿಕೊಂಡದ್ದು ಈ ಪ್ರಶ್ನೆಯಿಂದಲೇ. ಇವಾವೊನ ಪರವಾಗಿ ನಿಂತ ಜನ ರಕ್ತ ಹಚ್ಚಿದ ಬಟ್ಟೆಗಳನ್ನು ಮಿಸೊದಲ್ಲಿ ಹೂತಿಟ್ಟು ಪರೀಕ್ಷಿಸಿದರು. ಕೆಂಪು ಉಳಿಯಲಿಲ್ಲ, ಕಪ್ಪಾಯಿತು. ತೊಟ್ಟಿಯಿಂದ ತೆಗೆದ ಬಟ್ಟೆಗಳಲ್ಲಿ ಕೆಂಪು ಇತ್ತೆಂದು ಪೋಲೀಸರ ದಾಖಲೆಯೇ ಹೇಳುತ್ತಿತ್ತು. ಎಂದಮೇಲೆ ಆ ಬಟ್ಟೆಗಳು ಒಂದು ವರ್ಷ ಅಲ್ಲಿ ಇರಲಿಲ್ಲ. ಯಾರೋ ಆಮೇಲೆ ತಂದು ಹಾಕಿದ್ದರು. ಉಪ್ಪಿನಕಾಯಿ ಹಾಕುವ ಯಾವ ಗೃಹಿಣಿಗಾದರೂ ಹೊಳೆಯಬಹುದಾದ ಈ ಸಂಗತಿ ನ್ಯಾಯಸ್ಥಾನಗಳಿಗೆ ಮನವರಿಕೆಯಾಗಲು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಆ ಅರ್ಧ ಶತಮಾನ ಅಕ್ಕ ಏನು ಮಾಡುತ್ತಿದ್ದಳು? ಲೆಕ್ಕಪತ್ರ ಬರೆಯುವ ಕೆಲಸ ಮಾಡಿಕೊಂಡು ಬದುಕುತ್ತಿದ್ದಳು. ಮಗನಿಗೆ ಶಿಕ್ಷೆಯಾದ ಸ್ವಲ್ಪ ಕಾಲಕ್ಕೇ ತಾಯಿ ತೀರಿಕೊಂಡಳು. ಕೊಲೆಗಾರನ ಮನೆಯವರೆಂದು ನೆರೆಹೊರೆ ದೂರವಾಯಿತು. ರಾತ್ರಿ ನಿದ್ರೆ ಬಾರದೆ ಕೆಲವು ಕಾಲ ಮದ್ಯಕ್ಕೆ ಶರಣಾಗಿದ್ದೆನೆಂದು ಆಕೆ ಮುಂದೆ ತಾನೇ ಹೇಳಿಕೊಂಡಿದ್ದಾಳೆ. ತಮ್ಮನಿಗೆ ಸಹಾಯ ಮಾಡುತ್ತೇವೆಂದು ಜನ ಬಂದಾಗ, ಇನ್ನು ಕುಡಿದರೆ ನಡೆಯದೆಂದು ಬಿಟ್ಟುಬಿಟ್ಟಳಂತೆ. ತಿಂಗಳಿಗೊಮ್ಮೆ ಹಮಾಮಾತ್ಸು ನಗರದಿಂದ ಟೋಕಿಯೋದ ಸೆರೆಮನೆಗೆ ಪ್ರಯಾಣ. ಮೊದಮೊದಲು ತಮ್ಮನ ಕಾಗದಗಳು ಮುದ್ದಾದ ಅಕ್ಷರಗಳಲ್ಲಿ, ನಾನು ನಿರಪರಾಧಿ ಎಂಬ ಒಂದೇ ಮಾತನ್ನು ನಾನಾ ವಿಧವಾಗಿ ಹೇಳುತ್ತ ಬರುತ್ತಿದ್ದವು. ಒಂದು ದಿನ ಆಕೆ ನೋಡಲು ಹೋದಾಗ ಅವನು ತತ್ತರಿಸುತ್ತ ಬಂದು, ಪಕ್ಕದ ಕೋಣೆಯವನನ್ನು ಗಲ್ಲಿಗೆ ಹಾಕಿಬಿಟ್ಟರೆಂದು ಹೇಳಿದ. ಅಲ್ಲಿಂದ ಅವನ ಬುದ್ಧಿ ಮೆಲ್ಲಮೆಲ್ಲನೆ ಸಡಲಿತು. ಕಾಗದಗಳು ಅರ್ಥವಾಗದಂತಾದವು. ತಾನು ದೇವರೆಂದ, ತನಗೆ ಅಕ್ಕ ಇಲ್ಲವೆಂದ. ವರ್ಷಗಟ್ಟಲೆ ಅವಳ ಮುಖ ನೋಡಲು ಒಪ್ಪಲಿಲ್ಲ. ಅವಳು ಹೋಗುತ್ತಲೇ ಇದ್ದಳು. ಬಾಗಿಲಿನವರೆಗೆ ಬಂದವರನ್ನು ಮರೆತಿಲ್ಲವೆಂದು ಒಳಗಿರುವವನಿಗೆ ತಿಳಿದರೆ ಸಾಕೆಂಬುದು ಅವಳ ಲೆಕ್ಕವಾಗಿತ್ತು.

ಇಲ್ಲಿ ಜಪಾನಿನ ಒಂದು ಪದ್ಧತಿಯನ್ನು ಹೇಳಬೇಕು. ಅಲ್ಲಿ ಗಲ್ಲಿಗೇರಿಸುವ ದಿನವನ್ನು ಕೈದಿಗೆ ಮುಂದಾಗಿ ತಿಳಿಸುವುದಿಲ್ಲ. ಆ ದಿನ ಬೆಳಗ್ಗೆ, ಒಂದೆರಡು ಗಂಟೆಗೆ ಮೊದಲು ಕಾವಲುಗಾರ ಬಂದು ಹೇಳುತ್ತಾನೆ. ಮನೆಯವರಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಎಂದರೆ ಕೊನೆಯ ತೀರ್ಪು ಬಂದ 1980ರಿಂದ ಬಿಡುಗಡೆಯಾದ 2014ರವರೆಗೆ, 12,000ಕ್ಕೂ ಹೆಚ್ಚು ಬೆಳಗುಗಳಲ್ಲಿ ಇವಾವೊ ಓಣಿಯಲ್ಲಿ ಬರುವ ಬೂಟಿನ ಸಪ್ಪಳಕ್ಕೆ ಕಿವಿಗೊಟ್ಟು ಕುಳಿತಿದ್ದ. ಸಪ್ಪಳ ತನ್ನ ಬಾಗಿಲನ್ನು ದಾಟಿ ಹೋದರೆ ಆ ದಿನ ಬದುಕು. ಗಲ್ಲಿಗೆ ಹಾಕುವುದು ಒಂದು ಸಾರಿ ಎಂದು ನಾವು ತಿಳಿಯುತ್ತೇವೆ. ಲೆಕ್ಕ ಹಾಕಿದರೆ ಹಾಗಲ್ಲ.

ಈ ಕಥೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದವನು ಅಕ್ಕನೂ ಅಲ್ಲ, ತಮ್ಮನೂ ಅಲ್ಲ. ತೀರ್ಪು ಬರೆದ ನ್ಯಾಯಾಧೀಶ. 1968ರಲ್ಲಿ ವಿಚಾರಣೆ ನಡೆಸಿದವರು ಮೂವರು. ಅವರಲ್ಲಿ ಕಿರಿಯನಾದ ನೊರಿಮಿಚಿ ಕುಮಮೋತೊ ಎಂಬಾತ, ಸಾಕ್ಷ್ಯವನ್ನೆಲ್ಲ ಪರಿಶೀಲಿಸಿ, ಈತ ತಪ್ಪಿತಸ್ಥನಲ್ಲ ಎಂದು ನಿರ್ಣಯಿಸಿದ್ದ. ಉಳಿದಿಬ್ಬರು ಒಪ್ಪಲಿಲ್ಲ. ಬಹುಮತದ ತೀರ್ಪನ್ನು ಕಾಗದಕ್ಕಿಳಿಸುವ ಕೆಲಸ ಕಿರಿಯನದು. ತನ್ನ ಮನಸ್ಸು ಇಲ್ಲವೆಂದ ಮಾತನ್ನು ತನ್ನ ಕೈಯಿಂದಲೇ ಬರೆದು ಮುಗಿಸಿದ. ಮರುವರ್ಷ ಆ ಹುದ್ದೆಗೆ ರಾಜೀನಾಮೆ ಕೊಟ್ಟ. ವಕೀಲನಾದ, ನೆಮ್ಮದಿ ಕಾಣಲಿಲ್ಲ. ನ್ಯಾಯಾಧೀಶರ ಒಳಗಿನ ಚರ್ಚೆಯನ್ನು ಹೊರಗೆಡಹಬಾರದೆಂಬ ನಿಯಮವನ್ನು ಮುರಿದು 2007ರಲ್ಲಿ ಬಹಿರಂಗವಾಗಿ ಸತ್ಯವನ್ನು ಹೇಳಿ, ಹಿದೇಕೊಳ ಕ್ಷಮೆ ಕೇಳಿದ. 2018ರಲ್ಲಿ, ಆತ ಮಾತು ಸೋತು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಹಿದೇಕೊ ತಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ತೀರ್ಪು ಬರೆದವನೂ ತೀರ್ಪು ಕೇಳಿದವನೂ ಐವತ್ತು ವರ್ಷಗಳ ಮೇಲೆ ಒಂದೇ ಕೋಣೆಯಲ್ಲಿ ಸೇರಿದರು. ಎರಡು ವರ್ಷದ ಮೇಲೆ ಕುಮಮೋತೊ ತೀರಿಕೊಂಡ. ಇವಾವೊ ಬಿಡುಗಡೆಯಾದುದನ್ನು ಕಂಡಿದ್ದ, ನಿರ್ದೋಷಿಯೆನಿಸಿದ್ದನ್ನು ಕಾಣಲಿಲ್ಲ.

ನಮ್ಮ ದೇಶದ ನ್ಯಾಯಾಧೀಶರು ಮರಣದಂಡನೆಯ ಆಜ್ಞೆಗೆ ರುಜು ಹಾಕಿದೊಡನೆ ಆ ಲೇಖನಿಯ ಮುಳ್ಳನ್ನು ಮುರಿಯುವ ವಾಡಿಕೆಯನ್ನು ನಾವೆಲ್ಲ ಕೇಳಿದ್ದೇವೆ. ಬಿ.ಎ. ತರಗತಿಯಲ್ಲಿ ಇದನ್ನು ಹೇಳಿದರೆ ಹುಡುಗರ ಕಣ್ಣು ಅರಳುತ್ತದೆ. ಮುಳ್ಳು ಮುರಿದರೆ ಪಾಪ ಅಲ್ಲಿಗೇ ನಿಲ್ಲಲೆಂಬ ಭಾವನೆ ಇರಬಹುದು. ಕುಮಮೋತೊ ಮುರಿಯಬೇಕಾದದ್ದು ಮುಳ್ಳಾಗಿರಲಿಲ್ಲ. ಆದುದರಿಂದ ಮುರಿದದ್ದು ಅವನೇ.

ಇನ್ನು ಆ ಹುಡುಗಿ ಮೊದಲೆರಡು ನಿಮಿಷ ಹೇಳಿದ ಅಂಕಿಗಳ ವಿಷಯ. ಅವು ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಎಂಬ ಮಾನವ ಹಕ್ಕುಗಳ ಸಂಸ್ಥೆಯವು. ಇವಾವೊನ ಮರುವಿಚಾರಣೆಗಾಗಿ ವರ್ಷಾನುಗಟ್ಟಲೆ ದನಿಯೆತ್ತಿದವರಲ್ಲಿ ಅದೂ ಒಂದು. ಪೀಟರ್ ಬೆನೆನ್ಸನ್ ಎಂಬ ಇಂಗ್ಲಿಷ್ ವಕೀಲರು 1961ರ ಮೇ ತಿಂಗಳಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಬರೆದ ಲೇಖನದಿಂದ ಹುಟ್ಟಿದ ಸಂಸ್ಥೆಯಿದು. ತಮ್ಮ ನಂಬಿಕೆಗಾಗಿ ಸೆರೆ ಸೇರಿದವರನ್ನು ಬಿಡಿಸುವುದು ಆರಂಭದ ಉದ್ದೇಶ. ಅದರ ಆಯುಧ ಕಾಗದ. ಅಂಚೆಯಲ್ಲಿ ಹೋಗುವ ಸಾಮಾನ್ಯ ಕಾಗದ. ಎಲ್ಲಿಯೋ ಇರುವ ಶಾಲಾ ಉಪಾಧ್ಯಾಯಿನಿ, ಬ್ಯಾಂಕಿನ ಗುಮಾಸ್ತ, ನಿವೃತ್ತ ದಾದಿ ಕುಳಿತು ಇನ್ನೆಲ್ಲಿಯದೋ ಸರ್ಕಾರದ ಮಂತ್ರಿಗೆ ವಿನಯವಾಗಿ, ಆದರೆ ಬಿಡದೆ ಬರೆಯುತ್ತಾರೆ. ನಮ್ಮ ಬೀದಿಯ ನಲ್ಲಿಯ ಬಗ್ಗೆ ಸಂಬಂಧಪಟ್ಟ ಕಚೇರಿಗೆ ನಾನು ಬರೆದ ಮೂರು ಕಾಗದಗಳ ಗತಿಯನ್ನು ಬಲ್ಲವನಾದ್ದರಿಂದ ಈ ಉಪಾಯವನ್ನು ಮೊದಲು ಓದಿದಾಗ ನಗು ಬಂತು. ಆದರೆ ಒಂದು ಕಾಗದವನ್ನು ಕಸದ ಬುಟ್ಟಿಗೆ ಹಾಕುವುದು ಸುಲಭ. ಮೂಟೆಗಳನ್ನು ಹಾಕುವುದು ಕಷ್ಟ.

1977ರ ಡಿಸೆಂಬರಿನಲ್ಲಿ ಈ ಸಂಸ್ಥೆ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಒಂದು ಸಮ್ಮೇಳನ ಸೇರಿಸಿ, ಮರಣದಂಡನೆ ಯಾವ ದೇಶದಲ್ಲಿಯೂ, ಯಾವ ಅಪರಾಧಕ್ಕೂ, ಯಾರಿಗೂ ಕೂಡದೆಂದು ಘೋಷಿಸಿತು. ಆ ವರ್ಷವೇ ಅದಕ್ಕೆ ನೊಬೆಲ್ ಶಾಂತಿ ಪಾರಿತೋಷಕ ಬಂದುದು ನಿಜ. ಆದರೂ ಘೋಷಣೆಯನ್ನು ಹೆಚ್ಚು ಮಂದಿ ಲೆಕ್ಕಕ್ಕೆ ತೆಗೆದುಕೊಂಡಿರಲಾರರು. ಅಂದು ಎಲ್ಲ ಅಪರಾಧಗಳಿಗೂ ಮರಣದಂಡನೆಯನ್ನು ತೆಗೆದುಹಾಕಿದ್ದ ದೇಶಗಳು ಕೇವಲ 16. 2024ರ ಕೊನೆಗೆ ಅವು 113. 2007ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಗಲ್ಲುಗಳನ್ನು ತಡೆಹಿಡಿಯಬೇಕೆಂದು ಎಲ್ಲ ದೇಶಗಳನ್ನೂ ಕೇಳಿಕೊಂಡಿತು. ಪರ 104, ವಿರುದ್ಧ 54. ನಮ್ಮ ದೇಶ ವಿರುದ್ಧ ಮತ ಕೊಟ್ಟಿತು. ಹಾಗೆಂದು ದಾರಿ ಸುಗಮವಾಗಿದೆಯೆಂದಲ್ಲ. 2024ರಲ್ಲಿ ಆ ಸಂಸ್ಥೆ ಎಣಿಸಲು ಸಾಧ್ಯವಾದ ಮರಣದಂಡನೆಗಳೇ 1,518. 2015ರ ಈಚೆಗೆ ಇಷ್ಟೊಂದು ಇರಲಿಲ್ಲ. ಹೆಚ್ಚಿನವು ಇರಾನ್, ಸೌದಿ ಅರೇಬಿಯ, ಇರಾಕ್ ದೇಶಗಳಲ್ಲಿ. ಚೀನದ ಲೆಕ್ಕ ಗುಟ್ಟಾದುದರಿಂದ ಅದು ಇದರಲ್ಲಿ ಸೇರಿಲ್ಲ. ಸಂಸ್ಥೆಯ ಭಾರತದ ಶಾಖೆ ನಮ್ಮ ಬೆಂಗಳೂರಿನಲ್ಲಿಯೇ ಇತ್ತೆಂಬುದು ಹಲವರಿಗೆ ತಿಳಿದಿರಲಾರದು. ಬ್ಯಾಂಕಿನ ಖಾತೆಗಳನ್ನು ಸರ್ಕಾರ ತಡೆಹಿಡಿದ ಮೇಲೆ 2020ರಲ್ಲಿ ಅದು ಇಲ್ಲಿಯ ಕೆಲಸವನ್ನು ನಿಲ್ಲಿಸಿತು.

ಇಷ್ಟೆಲ್ಲ ಓದಿಕೊಂಡ ಹುರುಪಿನಲ್ಲಿ ಅಧ್ಯಾಪಕರ ಕೊಠಡಿಯಲ್ಲಿ ಮಾತು ತೆಗೆದೆ. ಇತಿಹಾಸ ವಿಭಾಗದ ಹಿರಿಯ ಮಿತ್ರರು ಕೊಳ್ಳೇಗಾಲದ ಕಡೆಯವರು. ನನ್ನ ಕಥೆಯನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಅಂದರು: “ನಿರಪರಾಧಿಯ ಕಥೆ ಹೇಳಿ ಅಪರಾಧಿಯನ್ನು ಉಳಿಸುವುದು ಯಾವ ನ್ಯಾಯ, ಮೇಷ್ಟ್ರೇ? 1993ರಲ್ಲಿ ಪಾಲಾರಿನ ಹತ್ತಿರ ವೀರಪ್ಪನ್ ನೆಲಬಾಂಬು ಇಟ್ಟು 22 ಜನರನ್ನು ಕೊಂದ. ನಾನಾಗ ಊರಿನಲ್ಲಿದ್ದೆ. ಅಂದಿನ ಅಳು ಕೇಳಿದವನಿಗೆ ನಿಮ್ಮ ಜಪಾನು ಬೇಡ.”

ಇದು ತಳ್ಳಿಹಾಕುವ ಮಾತಲ್ಲ. ಬಸ್ಸಿನ ನಾಲ್ವರ ವಿಷಯದಲ್ಲಿ ನನ್ನ ಕಾಫಿಗೆ ರುಚಿ ತಂದುದೂ ಇದೇ ಮಾತು. ಅಮ್ನೆಸ್ಟಿ ಸಂಸ್ಥೆಗೂ ಇದರ ಬಿಸಿ ತಿಳಿಯದೆ ಇಲ್ಲ. ಅಪರಾಧಿಯನ್ನು ಬಿಟ್ಟುಬಿಡಿ ಎಂದು ಅದು ಕೇಳುವುದೂ ಇಲ್ಲ, ಕೊಲ್ಲಬೇಡಿ ಎನ್ನುತ್ತದೆ ಅಷ್ಟೆ. ಗಲ್ಲಿನ ಹೆದರಿಕೆಯಿಂದ ಕೊಲೆಗಳು ತಗ್ಗುತ್ತವೆಂಬ ವಾದವನ್ನು ನಾನು ಇಲ್ಲಿ ಎತ್ತಿಕೊಳ್ಳುವುದಿಲ್ಲ; ಜೀವಾವಧಿ ಶಿಕ್ಷೆಗಿಂತ ಅದು ಹೆಚ್ಚು ತಡೆಯುತ್ತದೆಂಬುದಕ್ಕೆ ಆಧಾರವಿಲ್ಲವೆಂದು ನಮ್ಮ ಕಾನೂನು ಆಯೋಗವೇ 2015ರಲ್ಲಿ ಹೇಳಿದೆ. 1967ರಲ್ಲಿ ಗಲ್ಲನ್ನು ಉಳಿಸಿಕೊಳ್ಳಬೇಕೆಂದಿದ್ದ ಆಯೋಗ, ಈಗ ಭಯೋತ್ಪಾದನೆ ಮತ್ತು ದೇಶದ ಮೇಲಣ ಯುದ್ಧ ಇವೆರಡರ ಹೊರತು ಬೇಡವೆಂದಿತು. ಆದರೆ ನನ್ನ ಮಿತ್ರರ ಪ್ರಶ್ನೆ ಹೆದರಿಕೆಯದಲ್ಲ, ನ್ಯಾಯದ್ದು. ಆದ್ದರಿಂದ ಅವರ ಉದಾಹರಣೆಯನ್ನೇ ಹಿಡಿದು ನೋಡೋಣವೆಂದೆ.

ಪಾಲಾರ್ ಮೊಕದ್ದಮೆಯಲ್ಲಿ ವೀರಪ್ಪನ್ನನ ನಾಲ್ವರು ಸಂಗಡಿಗರಿಗೆ ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ಕೊಟ್ಟದ್ದು ಜೀವಾವಧಿ ಶಿಕ್ಷೆ. ಅವರು ಮೇಲ್ಮನವಿ ಸಲ್ಲಿಸಿದರು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ಅದನ್ನು ಗಲ್ಲಿಗೆ ಏರಿಸಿತು. ಕ್ಷಮೆಯ ಅರ್ಜಿ ರಾಷ್ಟ್ರಪತಿಗಳ ಬಳಿಗೆ ಹೋಗಿ ಒಂಬತ್ತು ವರ್ಷ ಕುಳಿತಿತು; 2013ರ ಫೆಬ್ರವರಿಯಲ್ಲಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿದ್ದ ಆ ನಾಲ್ವರಿಗೆ ಇನ್ನೇನು ಗಲ್ಲು ಎಂಬಷ್ಟರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. 2014ರ ಜನವರಿ 21ರಂದು ಅದೇ ನ್ಯಾಯಾಲಯ, ಅರ್ಜಿಯನ್ನು ಇಷ್ಟು ಕಾಲ ನೆನೆಹಾಕಿದ್ದು ಸಹಿಸತಕ್ಕದ್ದಲ್ಲವೆಂದು, ಇವರನ್ನೂ ಸೇರಿಸಿ 15 ಮಂದಿಯ ಗಲ್ಲನ್ನು ಮತ್ತೆ ಜೀವಾವಧಿಗೆ ಇಳಿಸಿತು. ಅಪರಾಧ ಒಂದೇ, ಸಾಕ್ಷ್ಯ ಒಂದೇ, ಕೈದಿಗಳು ಅವರೇ. ಶಿಕ್ಷೆ ಮಾತ್ರ ಏಣಿ ಹತ್ತಿ ಇಳಿಯಿತು.

“ಕಚೇರಿಯ ಕಡತ ತಡವಾದದ್ದೇ ಅವರನ್ನು ಉಳಿಸಿತು!” ಎಂದರು ಮಿತ್ರರು, ಸಿಟ್ಟಿನಿಂದ.

ಹೌದು. ಕಡತ ಬೇಗ ಓಡಿದ್ದರೆ ಸಾಯುತ್ತಿದ್ದರು ಎಂಬುದೂ ಅಷ್ಟೇ ಹೌದು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರ ಪೀಠ, ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಲ್ಲಿ ಮಾತ್ರ ಮರಣದಂಡನೆ ಎಂಬ ಸೂತ್ರ ಕೊಟ್ಟಿತು. ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯನ್ನೂ ನೋಡಿ ತೂಗಬೇಕೆಂದಿತು. ಅದಾದ 16 ವರ್ಷಕ್ಕೆ ಅದೇ ನ್ಯಾಯಾಲಯದ ಚಿಕ್ಕ ಪೀಠವೊಂದು ರಾಜಸ್ಥಾನದ ಪ್ರಕರಣವೊಂದರಲ್ಲಿ, ಅಪರಾಧದ ಸ್ವರೂಪವನ್ನು ನೋಡಿದರೆ ಸಾಕು ಎಂದುಬಿಟ್ಟಿತು. ಆಮೇಲೆ ಹಲವು ತೀರ್ಪುಗಳು ಅದನ್ನೇ ಮಾದರಿಯಾಗಿ ಹಿಡಿದವು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆ ಮಾದರಿ ತಪ್ಪೆಂದು, ಹಿಂದಿನ ದೊಡ್ಡ ಪೀಠದ ಮಾತಿಗೆ ವಿರುದ್ಧವೆಂದು ಹೇಳಿತು. ಅಷ್ಟರೊಳಗೆ ಆ ತಪ್ಪು ಮಾದರಿಯಂತೆ ಇಬ್ಬರನ್ನು ಗಲ್ಲಿಗೇರಿಸಿ ಆಗಿತ್ತು. ಅವರು ಕೊಲೆ ಮಾಡಿದವರೇ. ಆದರೆ ಕಾನೂನಿನ ಪ್ರಕಾರ ತೂಗಬೇಕಾದ್ದನ್ನು ತೂಗದೆ ಕಳುಹಿಸಿದ್ದರು. 2012ರಲ್ಲಿ 14 ಮಂದಿ ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗಳಿಗೆ ಕಾಗದ ಬರೆದು, ಅದೇ ತಪ್ಪಿನಿಂದ ಶಿಕ್ಷೆಗೊಂಡು ಇನ್ನೂ ಬದುಕಿದ್ದವರನ್ನಾದರೂ ಉಳಿಸಬೇಕೆಂದು ಬೇಡಿದರು. ಮತ್ತೆ ಕಾಗದ!

ನಿಜವಾದ ಅಪರಾಧಿಯ ವಿಷಯದಲ್ಲಿಯೂ ನನ್ನನ್ನು ಅಳುಕಿಸುವುದು ಇದೇ. ಸತ್ತವರ ಮನೆಯವರ ಅಳುವಿಗೆ ಯಾವ ಉತ್ತರವೂ ಸಾಲದು, ಒಪ್ಪಿದೆ. ಆದರೆ ಗಲ್ಲು ಅವರಿಗೆ ಕೊಡುವುದೇನು? ಶಿಮಿಜುವಿನ ಆ ನಾಲ್ವರನ್ನು ಕೊಂದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಸಿಕ್ಕಿದವನೊಬ್ಬನನ್ನು ಗಲ್ಲಿನ ನೆರಳಿನಲ್ಲಿ ಕೂರಿಸಿ, ಕೆಲಸ ಮುಗಿಯಿತೆಂದು ಪೋಲೀಸರು ಕೈ ತೊಳೆದುಕೊಂಡರು; ಹುಡುಕುವುದು ಅಲ್ಲಿಗೆ ನಿಂತಿತು. ನನ್ನ ಮಿತ್ರರು ಇದನ್ನು ಒಪ್ಪಲಿಲ್ಲ. “ನೋಡೋಣ” ಎಂದು ಕನ್ನಡಕ ಏರಿಸಿಕೊಂಡರು. ಅವರು ಒಪ್ಪಲೇಬೇಕೆಂದು ನನ್ನ ಹಟವೂ ಇಲ್ಲ. ಪಾಲಾರಿನ ಅಳುವನ್ನು ಕಿವಿಯಾರೆ ಕೇಳಿದವರು ಅವರು, ನಾನಲ್ಲ. ಆ 2020ರ ಬೆಳಗಿನ ಬಗ್ಗೆ ನನ್ನ ಮನಸ್ಸು ಇನ್ನೂ ಎರಡಾಗಿಯೇ ಇದೆ. ಆ ನಾಲ್ವರಿಗಾಗಿ ನಾನು ಮರುಗಲಾರೆ. ಆದರೆ ಇನ್ನೊಮ್ಮೆ ಅಂಥ ಬೆಳಗು ಬಂದರೆ ಟೆಲಿವಿಷನ್ನಿನ ಮುಂದೆ ಕುಳಿತು ಕಾಫಿ ಕುಡಿಯುವುದು ನನ್ನಿಂದಾಗದು.

ಮನೆಯಾಕೆ ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ. 2014ರ ಮಾರ್ಚ್ 27ರಂದು ಶಿಜುವೊಕಾದ ನ್ಯಾಯಾಲಯ ಮರುವಿಚಾರಣೆಗೆ ಆಜ್ಞೆ ಮಾಡಿ, ಅಂದೇ ಇವಾವೊನನ್ನು ಬಿಡಿಸಿತು. 30ರ ಪ್ರಾಯದಲ್ಲಿ ಒಳಗೆ ಹೋದವನು 78 ವರ್ಷದ ಮುದುಕನಾಗಿ ಹೊರಬಂದ. ಅಕ್ಕ ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿಯೂ ಅವನು ಬಹುಕಾಲ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಲೇ ಇದ್ದ, ಸೆರೆಮನೆಯ ಕೋಣೆಯಲ್ಲಿ ನಡೆಯುತ್ತಿದ್ದಂತೆ. ನಡುವೆ ಮೇಲಿನ ನ್ಯಾಯಾಲಯವೊಂದು ಮರುವಿಚಾರಣೆ ಬೇಡವೆಂದಿತು, ಅದಕ್ಕೂ ಮೇಲಿನದು ಮತ್ತೆ ನೋಡಿ ಎಂದಿತು. ಅಂತೂ 2024ರ ಸೆಪ್ಟೆಂಬರ್ 26ರಂದು ತೀರ್ಪು ಬಂತು: ಬಟ್ಟೆಗಳು ಕಟ್ಟಿದ ಸಾಕ್ಷ್ಯ, ತಪ್ಪೊಪ್ಪಿಗೆಯ ಹೇಳಿಕೆ ಹಿಂಸೆಯ ಫಲ, ಇವಾವೊ ಹಕಮಾದ ನಿರ್ದೋಷಿ. ಮನಸ್ಸು ಸ್ಥಿಮಿತದಲ್ಲಿಲ್ಲದ ಕಾರಣ ಅವನು ನ್ಯಾಯಾಲಯಕ್ಕೆ ಬರಬೇಕಾಗಿರಲಿಲ್ಲ. ಅವನಿಗಾಗಿ ಅಲ್ಲಿ ಕುಳಿತು ಕೇಳಿದವಳು ಹಿದೇಕೊ. ಇಷ್ಟು ತಡವಾಯಿತಲ್ಲ ಎಂದು ನ್ಯಾಯಾಧೀಶ ಆಕೆಯ ಕ್ಷಮೆ ಕೇಳಿದ. ಅವಳಿಗಾಗ 91, ತಮ್ಮನಿಗೆ 88. ಸರ್ಕಾರಿ ವಕೀಲರು ಮೇಲ್ಮನವಿಯನ್ನು ಕೈಬಿಟ್ಟರು. ಅಕ್ಟೋಬರಿನಲ್ಲಿ ಪ್ರಾಂತದ ಪೋಲೀಸು ಮುಖ್ಯಾಧಿಕಾರಿ ಮನೆಗೇ ಬಂದು ತಲೆಬಾಗಿ ನಿಂತ. ಮರುವರ್ಷ 21 ಕೋಟಿ ಯೆನ್‌ಗೂ ಹೆಚ್ಚು ಪರಿಹಾರ ಕೊಟ್ಟರು. ಸೆರೆಯ ಒಂದೊಂದು ದಿನಕ್ಕೆ 12,500 ಯೆನ್‌ನಂತೆ.

ಇಷ್ಟನ್ನೂ ಕೇಳಿ ಮನೆಯಾಕೆ, “ಆ ಹುಡುಗಿಗೆ ಒಂದು ಕಾಗದ ಬರೆಯಿರಿ” ಎಂದಳು. ಅಂಕಗಳ ಕಾಗದದಲ್ಲಿ ಅವಳ ಕಾಲೇಜಿನ ಹೆಸರಿತ್ತು. ಆ ವಿಳಾಸಕ್ಕೆ ಬರೆದೆ. ಕಾಲಪಾಲನೆಗೆ ಎರಡು ಅಂಕ ಕೊಟ್ಟದ್ದು ನಿಯಮದಂತೆಯೇ ಸರಿ, ಆದರೆ ಗಂಟೆಯ ಮೇಲೆ ನೀನು ಹೇಳಬೇಕೆಂದಿದ್ದುದನ್ನು ನಾನು ಓದಿ ತಿಳಿದುಕೊಂಡೆ, ಅಕ್ಕ ಗೆದ್ದಳು ಅಲ್ಲವೇ, ಎಂದು.

ಮೊನ್ನೆ ಉತ್ತರ ಬಂತು. ತಾನು ಹೇಳಬೇಕೆಂದಿದ್ದುದು ಅದಲ್ಲವಂತೆ. ತಮ್ಮ ನಿರ್ದೋಷಿಯೆನಿಸಿದ ಮೇಲೂ ಆ ಅಕ್ಕ ಮನೆಯಲ್ಲಿ ಕೂರಲಿಲ್ಲ. ಮರುವಿಚಾರಣೆಯ ಕಾನೂನನ್ನು ತಿದ್ದಬೇಕೆಂದು, ಇನ್ನೂ ಒಳಗಿರುವವರಿಗಾಗಿ, ಆ ವಯಸ್ಸಿನಲ್ಲಿ ಸಭೆಯಿಂದ ಸಭೆಗೆ ಹೋಗಿ ಮಾತನಾಡುತ್ತಿದ್ದಾಳೆ. ಗಂಟೆ ಹೊಡೆದಾಗ ಬಾಯಲ್ಲಿದ್ದ ವಾಕ್ಯ ಅದು. ಕೊನೆಯಲ್ಲಿ ಇನ್ನೆರಡು ಸಾಲು ಬರೆದಿದ್ದಾಳೆ. “ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಐದು ಸಲ ಹೇಳಿ ನೋಡಿದ್ದೆ, ಸಾರ್. ಪ್ರತಿಸಲವೂ ಅರ್ಧ ನಿಮಿಷ ಹೆಚ್ಚಾಗುತ್ತಿತ್ತು. ಯಾವುದನ್ನು ಬಿಡಬೇಕೆಂದು ಗೊತ್ತಾಗಲಿಲ್ಲ.”